ಸಂಶಯವೂ ವಿಪರ್ಯಯವೂ: ಪ್ರಶ್ನೆ ಮುಗಿದು ಷಡ್ಯಂತ್ರದ ಕಥೆ ತೊಡಗುವುದೆಲ್ಲಿ?

2021ರ ಜೂನ್ ತಿಂಗಳು. ಕೊರೊನಾದ ಎರಡನೆಯ ಅಲೆಯ ಬೇಗೆ ಇನ್ನೂ ಆರಿರಲಿಲ್ಲ. ಮಾಹಿತಿ ಹಕ್ಕಿನಡಿ ದೊರೆತ ಉತ್ತರವೊಂದರ ಪ್ರತಿ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡತೊಡಗಿತು. ಕೋವ್ಯಾಕ್ಸಿನ್ ಲಸಿಕೆಯ ತಯಾರಿಕೆಯಲ್ಲಿ ಎಳಗರುವಿನ ಸೀರಮ್, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿದ್ರವ, ಬಳಕೆಯಾಗುತ್ತದೆ ಎಂಬುದು ಅದರ ಸಾರ. ಗೆಡ್ಡೆ ಗೆಣಸುಗಳನ್ನು ವರ್ಜಿಸಿ, ಜೇನನ್ನು ಮುಟ್ಟದೆ, ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುವ ಮನೆಗಳಿಗೆ ಇದು ಸಣ್ಣ ಸುದ್ದಿಯಾಗಿರಲಿಲ್ಲ. ಗುಳಿಗೆಯ ಜಿಲಾಟಿನ್ ಹೊದಿಕೆ ಯಾವುದರಿಂದ ಮಾಡಿದ್ದೆಂದು ಔಷಧದಂಗಡಿಯಲ್ಲಿ ವಿಚಾರಿಸುವ ಶ್ರಾವಕರು ಲಸಿಕೆಯ ಬಗ್ಗೆಯೂ ವಿಚಾರಿಸುವುದು ಸಹಜವೇ ಆಗಿತ್ತು.

ಜೂನ್ 16ರಂದು ಕೇಂದ್ರ ಆರೋಗ್ಯ ಸಚಿವಾಲಯ ಸ್ಪಷ್ಟೀಕರಣ ನೀಡಿತು. ಲಸಿಕೆಗೆ ಬೇಕಾದ ವೈರಾಣುವನ್ನು ವೆರೋ ಎಂಬ ಜೀವಕೋಶಗಳಲ್ಲಿ ಬೆಳೆಸಲಾಗುತ್ತದೆ. ಆ ಕೋಶಗಳನ್ನು ಮೊದಲು ವೃದ್ಧಿಪಡಿಸಿಕೊಳ್ಳುವಾಗ ಎಳಗರುವಿನ ಸೀರಮ್ ಅನ್ನು ಪೋಷಕದ್ರವವಾಗಿ ಬಳಸಲಾಗುತ್ತದೆ. ಬೆಳೆದ ಕೋಶಗಳನ್ನು ನೀರು ಮತ್ತು ರಾಸಾಯನಿಕಗಳಿಂದ ಹಲವು ಬಾರಿ ತೊಳೆದ ಮೇಲೆಯೇ ಅವುಗಳಿಗೆ ವೈರಾಣು ಸೋಂಕಿಸಲಾಗುತ್ತದೆ. ಬಳಿಕ ವೈರಾಣುವನ್ನು ನಿಷ್ಕ್ರಿಯಗೊಳಿಸಿ, ಶುದ್ಧೀಕರಿಸಿ ಲಸಿಕೆಯನ್ನು ಸಿದ್ಧಪಡಿಸಲಾಗುತ್ತದೆ. ಅಂತಿಮ ಲಸಿಕೆಯಲ್ಲಿ ಸೀರಮ್ ಇರುವುದಿಲ್ಲ. ಪೋಲಿಯೊ, ರೇಬೀಸ್ ಮುಂತಾದ ಲಸಿಕೆಗಳಲ್ಲಿಯೂ ಈ ವಿಧಾನ ದಶಕಗಳಿಂದ ರೂಢಿಯಲ್ಲಿದೆ. ಇದಿಷ್ಟು ಆ ಉತ್ತರದ ಸಾರಾಂಶ.

ಇಲ್ಲಿಗೆ ಪ್ರಶ್ನೆಯೊಂದು ಕೇಳಲ್ಪಟ್ಟು, ಅದಕ್ಕೆ ಉತ್ತರವೂ ದೊರೆತಂತಾಯಿತು. ಉತ್ತರ ಸಂಪೂರ್ಣ ಹಿತಕರವಾಗಿರಲಿಲ್ಲ: ಸೀಸೆಯಲ್ಲಿ ಇಲ್ಲವೆಂದರೂ ತಯಾರಿಕೆಯ ಹಾದಿಯಲ್ಲಿ ಪ್ರಾಣಿಜನ್ಯ ವಸ್ತು ಇದ್ದೇ ಇದೆ. ಪ್ರಾಣರಕ್ಷಣೆಗಾಗಿ ಅದನ್ನು ಒಪ್ಪಬಹುದೇ, ಸಂಕಲ್ಪಪೂರ್ವಕವಾದ ಹಿಂಸೆಗೂ ಬದುಕಿನ ಅನಿವಾರ್ಯದಿಂದ ಒದಗುವ ಹಿಂಸೆಗೂ ಇರುವ ಭೇದ ಇಲ್ಲಿ ಅನ್ವಯಿಸುತ್ತದೆಯೇ ಎಂಬ ಧರ್ಮವಿಚಾರ ಉಳಿಯಿತು. ಅದು ಮನೆಮನೆಯಲ್ಲಿ, ಮುನಿಗಳ ಸನ್ನಿಧಿಯಲ್ಲಿ ನಡೆಯಬೇಕಾದ ಗಂಭೀರ ಚರ್ಚೆ.

ಆದರೆ ಅದೇ ದಿನಗಳಲ್ಲಿ ಬೇರೊಂದು ಬಗೆಯ ಮಾತುಗಳೂ ಊರೂರು ಸುತ್ತುತ್ತಿದ್ದವು. ಲಸಿಕೆಯಿಂದ ಬಂಜೆತನ ಬರುತ್ತದೆ, ಅದರೊಳಗೆ ಸೂಕ್ಷ್ಮ ಚಿಪ್ ಇದೆ, ಜನಸಂಖ್ಯೆ ಇಳಿಸಲು ಜಗತ್ತಿನ ಸಿರಿವಂತರು ಹೂಡಿದ ಸಂಚು ಇದು ಎಂಬ ಮಾತುಗಳವು. ಇವುಗಳನ್ನು ನಂಬಿದವರಿಗೆ ಸಚಿವಾಲಯದ ಸ್ಪಷ್ಟೀಕರಣವೂ ಸಂಚಿನ ಒಂದು ಭಾಗವಾಗಿ ಕಂಡಿತು. ನಿರಾಕರಿಸಿದರೆ ‘ಮುಚ್ಚಿಡುತ್ತಿದ್ದಾರೆ’, ಒಪ್ಪಿಕೊಂಡರೆ ‘ಅರ್ಧ ಮಾತ್ರ ಹೇಳುತ್ತಿದ್ದಾರೆ’, ಸುಮ್ಮನಿದ್ದರೆ ‘ಸಿಕ್ಕಿಬಿದ್ದಿದ್ದಾರೆ’. ಎರಡೂ ಬಗೆಯವರು ತಮ್ಮನ್ನು ‘ಪ್ರಶ್ನೆ ಕೇಳುವವರು’ ಎಂದೇ ಕರೆದುಕೊಂಡರು. ಇವರಿಬ್ಬರ ನಡುವೆ ಗೆರೆ ಎಳೆಯುವುದು ಹೇಗೆ?

ಸರ್ಕಾರದ ಮಾತನ್ನು ನಂಬುವವನು ವಿವೇಕಿ, ನಂಬದವನು ಭ್ರಾಂತ ಎಂಬ ಗೆರೆ ಸಲ್ಲದು. ಸರ್ಕಾರಗಳು ಸುಳ್ಳು ಹೇಳಿದ್ದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ನಿದರ್ಶನಗಳಿವೆ. ಶಂಕೆ ಎಷ್ಟು ವಿಚಿತ್ರವಾಗಿದೆ ಎಂಬುದೂ ಅಳತೆಗೋಲಾಗದು. ವಿಚಿತ್ರವೆನಿಸಿದ ಎಷ್ಟೋ ಶಂಕೆಗಳು ನಿಜವಾಗಿವೆ. ಗೆರೆ ಇರುವುದು ಬೇರೆಡೆ, ಮತ್ತು ಅದನ್ನು ಜೈನ ನ್ಯಾಯಶಾಸ್ತ್ರಕಾರರು ಶತಮಾನಗಳ ಹಿಂದೆಯೇ ಗುರುತಿಸಿದ್ದಾರೆ.

ಸಮ್ಯಗ್ಜ್ಞಾನವು ಮೂರು ದೋಷಗಳಿಂದ ಮುಕ್ತವಾಗಿರಬೇಕೆಂದು ಅವರು ಹೇಳುತ್ತಾರೆ: ಸಂಶಯ, ವಿಪರ್ಯಯ, ಅನಧ್ಯವಸಾಯ. ಮುಸ್ಸಂಜೆಯಲ್ಲಿ ದೂರದಲ್ಲಿ ನಿಂತಿರುವುದು ಮೋಟುಮರವೋ ಮನುಷ್ಯನೋ ಎಂದು ತೂಗಾಡುವುದು ಸಂಶಯ. ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೇ ಎಂದು ನಿಶ್ಚಯಿಸಿಬಿಡುವುದು ವಿಪರ್ಯಯ. ನಡೆಯುವಾಗ ಕಾಲಿಗೆ ಹುಲ್ಲು ತಾಗಿದರೂ ‘ಏನೋ ತಾಗಿತು’ ಎಂದು ವಿಚಾರಿಸದೆ ಮುಂದೆ ಸಾಗುವುದು ಅನಧ್ಯವಸಾಯ. ಈ ಮೂರು ಒಂದೇ ಅಲ್ಲ. ಸಂಶಯಕ್ಕೆ ಎರಡು ಕೊನೆಗಳಿರುತ್ತವೆ, ಮರವಾಗಿರಬಹುದು, ಮನುಷ್ಯನಾಗಿರಬಹುದು. ಹತ್ತಿರ ಹೋಗಿ ನೋಡಿದರೆ ಅದು ಪರಿಹಾರವಾಗುತ್ತದೆ. ವಿಪರ್ಯಯಕ್ಕೆ ಒಂದೇ ಕೊನೆ. ಬೆಳ್ಳಿಯೆಂದು ಆಗಲೇ ನಿಶ್ಚಯವಾಗಿರುವುದರಿಂದ ಹತ್ತಿರ ಹೋಗುವ ಅಗತ್ಯವೇ ಅದಕ್ಕೆ ತೋರುವುದಿಲ್ಲ.

ಷಡ್ಯಂತ್ರದ ಕಥೆಯನ್ನು ‘ಅತಿಯಾದ ಸಂಶಯ’ ಎಂದು ಕರೆಯುವುದು ವಾಡಿಕೆ. ಅದು ಸರಿಯಲ್ಲ. ಅದು ಸಂಶಯದ ವೇಷ ತೊಟ್ಟ ವಿಪರ್ಯಯ. ಅಲ್ಲಿ ಇರುವುದು ಶಂಕೆಯ ಆಧಿಕ್ಯವಲ್ಲ, ಶಂಕೆಯ ಅಭಾವ. ಸಂಶಯಿಯು ತನ್ನ ಸಂಶಯ ಯಾವುದರಿಂದ ನೀಗುತ್ತದೆಂದು ಮೊದಲೇ ಹೇಳಬಲ್ಲ. ವಿಪರ್ಯಯಕ್ಕೆ ಬಿದ್ದವನು ಹೇಳಲಾರ. ಈ ಒಂದು ಭೇದವನ್ನು ಹಿಡಿದು ನಮ್ಮ ದೇಶದ ಎರಡು ಪ್ರಕರಣಗಳನ್ನು ನೋಡಬಹುದು.

ಮೊದಲನೆಯದು ಪಂಜಾಬಿನದು. ಭಯೋತ್ಪಾದನೆ ಮತ್ತು ಅದರ ದಮನದ ವರ್ಷಗಳಲ್ಲಿ ಅಲ್ಲಿ ಅನೇಕರು ಕಾಣೆಯಾದರು. ಅವರು ಕದ್ದುಮುಚ್ಚಿ ವಿದೇಶಕ್ಕೆ ಹೋಗಿದ್ದಾರೆ ಎಂಬುದು ಪೊಲೀಸ್ ಅಧಿಕಾರಿಗಳ ಸಮಜಾಯಿಷಿಯಾಗಿತ್ತು. ಅಮೃತಸರದಲ್ಲಿ ಬ್ಯಾಂಕ್ ಉದ್ಯೋಗದಲ್ಲಿದ್ದ ಜಸ್ವಂತ್ ಸಿಂಗ್ ಖಾಲ್ರಾ ಈ ಮಾತನ್ನು ಒಪ್ಪಲಿಲ್ಲ. ಆದರೆ ಅವರು ‘ಇಡೀ ಸರ್ಕಾರವೇ ಸುಳ್ಳು’ ಎಂದು ಘೋಷಿಸಿ ಕೈತೊಳೆದುಕೊಳ್ಳಲಿಲ್ಲ. ಅವರು ಸ್ಮಶಾನಗಳಿಗೆ ಹೋದರು. ವಾರಸುದಾರರಿಲ್ಲವೆಂದು ಪೊಲೀಸರು ತಂದು ಸುಡಿಸಿದ ಶವಗಳಿಗೆ ಕಟ್ಟಿಗೆ ಬೇಕು. ಕಟ್ಟಿಗೆಗೆ ಹಣ ಬೇಕು. ಹಣಕ್ಕೆ ಲೆಕ್ಕ ಇರಲೇಬೇಕು. ಆ ಲೆಕ್ಕದ ಪುಸ್ತಕಗಳಲ್ಲಿ, ಸ್ಮಶಾನದ ದಾಖಲೆಗಳಲ್ಲಿ, ಕಾಣೆಯಾದವರ ಸುಳಿವು ಸಿಕ್ಕಿತು.

ಈ ಪ್ರಶ್ನೆಯ ಸ್ವರೂಪವನ್ನು ಗಮನಿಸಬೇಕು. ಅದು ಇಕ್ಕಟ್ಟಾದದ್ದು, ಅಳೆಯಬಹುದಾದದ್ದು, ಸುಳ್ಳೆಂದು ಸಾಬೀತಾಗುವ ಅಪಾಯಕ್ಕೆ ಒಡ್ಡಿಕೊಂಡದ್ದು. ದಾಖಲೆಗಳಲ್ಲಿ ಏನೂ ಇರದಿದ್ದರೆ ಖಾಲ್ರಾ ಅವರ ವಾದ ಅಲ್ಲಿಯೇ ಬಿದ್ದುಹೋಗುತ್ತಿತ್ತು. 1995ರ ಆರಂಭದಲ್ಲಿ ಅವರು ಈ ಸಂಗತಿಯನ್ನು ಬಹಿರಂಗಪಡಿಸಿದರು. ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಮನೆಯ ಬಳಿಯಿಂದಲೇ ಅವರ ಅಪಹರಣವಾಯಿತು; ಅವರು ಮರಳಲಿಲ್ಲ. ಸುಪ್ರೀಂ ಕೋರ್ಟು ನವೆಂಬರಿನಲ್ಲಿ ಸಿಬಿಐ ತನಿಖೆಗೆ ಆದೇಶಿಸಿತು. 1996ರ ಡಿಸೆಂಬರಿನಲ್ಲಿ ಸಿಬಿಐ ಸಲ್ಲಿಸಿದ ವರದಿಯ ಪ್ರಕಾರ ಅಂದಿನ ಅಮೃತಸರ ಜಿಲ್ಲೆಯ ಮೂರು ಸ್ಮಶಾನಗಳಲ್ಲಿ 2,097 ಶವಗಳನ್ನು ಅಕ್ರಮವಾಗಿ ಸುಡಲಾಗಿತ್ತು. ಅವುಗಳಲ್ಲಿ 1,238 ಶವಗಳ ಗುರುತು ಸಿಕ್ಕಿರಲಿಲ್ಲ. ಖಾಲ್ರಾ ಅವರ ಅಪಹರಣ ಮತ್ತು ಹತ್ಯೆಗಾಗಿ 2005ರಲ್ಲಿ ಪೊಲೀಸರು ಶಿಕ್ಷೆಗೊಳಗಾದರು.

ಇಡೀ ಪಂಜಾಬಿನ ಲೆಕ್ಕವೆಂದು ಹೇಳಲಾಗುವ ಇದಕ್ಕಿಂತ ಬಹಳ ದೊಡ್ಡ ಸಂಖ್ಯೆಗಳೂ ಇವೆ. ಅವು ಅಂದಾಜುಗಳು, ಮೂರು ಸ್ಮಶಾನಗಳ ಲೆಕ್ಕಕ್ಕಿರುವ ಬಲ ಅವಕ್ಕಿಲ್ಲ. ಈ ವಿವೇಚನೆಯನ್ನು ಮಾಡಿದರೆ ಖಾಲ್ರಾ ಅವರ ಸಾಧನೆ ಕಿರಿದಾಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ.

ಎರಡನೆಯ ಪ್ರಕರಣ ನೇತಾಜಿ ಸುಭಾಷ್‌ಚಂದ್ರ ಬೋಸರ ಮರಣದ್ದು. 1945ರ ಆಗಸ್ಟ್ 18ರಂದು ಫಾರ್ಮೋಸಾದ, ಅಂದರೆ ಇಂದಿನ ತೈವಾನಿನ, ತೈಹೊಕುವಿನಲ್ಲಿ ವಿಮಾನ ಅಪಘಾತವಾಗಿ, ಸುಟ್ಟಗಾಯಗಳಿಂದ ಅವರು ಆ ರಾತ್ರಿ ತೀರಿಕೊಂಡರೆಂಬುದು ಅಧಿಕೃತ ವಿವರಣೆ. ಯುದ್ಧ ಮುಗಿದ ಗೊಂದಲದ ದಿನಗಳು. ದೇಹವನ್ನು ಭಾರತೀಯರು ಕಂಡಿದ್ದು ಅತ್ಯಲ್ಪ. ಸುದ್ದಿ ಹೊರಬಂದದ್ದು ದಿನಗಳು ಕಳೆದ ಮೇಲೆ. ಬ್ರಿಟಿಷರ ಕಣ್ಣು ತಪ್ಪಿಸಿ ಹಿಂದೊಮ್ಮೆ ಕಲ್ಕತ್ತೆಯ ಮನೆಯಿಂದಲೇ ಮಾಯವಾಗಿದ್ದವರ ವಿಷಯದಲ್ಲಿ ‘ಇದೂ ಒಂದು ಉಪಾಯವೇ?’ ಎಂದು ಜನ ಕೇಳಿದ್ದರಲ್ಲಿ ಅಸಹಜವಾದದ್ದು ಏನೂ ಇರಲಿಲ್ಲ. ಅದು ಶುದ್ಧ ಸಂಶಯ.

1956ರಲ್ಲಿ ಶಾ ನವಾಜ್ ಖಾನ್ ಸಮಿತಿ ಅಪಘಾತವನ್ನು ದೃಢಪಡಿಸಿತು. ಸಮಿತಿಯ ಸದಸ್ಯರಾಗಿದ್ದ ನೇತಾಜಿಯ ಅಣ್ಣ ಸುರೇಶ್‌ಚಂದ್ರ ಬೋಸ್ ಭಿನ್ನಮತ ತಾಳಿದರು. 1974ರಲ್ಲಿ ಖೋಸ್ಲಾ ಆಯೋಗವೂ ಅಪಘಾತವನ್ನೇ ಒಪ್ಪಿತು. 1999ರಲ್ಲಿ ರಚಿತವಾದ ನ್ಯಾಯಮೂರ್ತಿ ಮುಖರ್ಜಿ ಆಯೋಗ ಮಾತ್ರ ನೇತಾಜಿ ವಿಮಾನ ಅಪಘಾತದಲ್ಲಿ ಮೃತರಾಗಲಿಲ್ಲವೆಂದಿತು. ಟೋಕಿಯೊದ ರೆಂಕೋಜಿ ದೇವಾಲಯದಲ್ಲಿರುವ ಅಸ್ಥಿ ಅವರದಲ್ಲವೆಂದೂ ಹೇಳಿತು. 2006ರಲ್ಲಿ ಸರ್ಕಾರ ಆ ವರದಿಯನ್ನು ತಿರಸ್ಕರಿಸಿತು. ಬದುಕುಳಿದ ಸಹಪ್ರಯಾಣಿಕ ಹಬೀಬುರ್ ರೆಹಮಾನ್, ಚಿಕಿತ್ಸೆ ನೀಡಿದ ಜಪಾನಿ ವೈದ್ಯ ಮುಂತಾದವರ ಸಾಕ್ಷ್ಯಗಳು ಅಪಘಾತದ ಪರವಾಗಿವೆ. ಅಪಘಾತದ ದಾಖಲೆ ತಮ್ಮಲ್ಲಿಲ್ಲವೆಂದು ತೈವಾನ್ ತಿಳಿಸಿದ್ದು ಮುಖರ್ಜಿ ಆಯೋಗಕ್ಕೆ ಮುಖ್ಯವಾಗಿ ಕಂಡಿತು. ಇಲ್ಲಿಯವರೆಗೆ ಭಿನ್ನಾಭಿಪ್ರಾಯವಿದ್ದರೂ ಎಲ್ಲರೂ ಸಾಕ್ಷ್ಯದ ನೆಲದ ಮೇಲೆಯೇ ನಿಂತಿದ್ದಾರೆ.

ಇದರ ಪಕ್ಕದಲ್ಲಿ ಬೇರೆಯೇ ಒಂದು ಬೆಳೆ ಬೆಳೆಯಿತು. ನೇತಾಜಿ ಸೈಬೀರಿಯಾದ ಸೆರೆಮನೆಯಲ್ಲಿದ್ದಾರೆಂದು ಕೆಲವರು. ಉತ್ತರ ಬಂಗಾಳದ ಶೌಲ್ಮಾರಿ ಆಶ್ರಮದ ಸಾಧುವೇ ಅವರೆಂದು ಕೆಲವರು. 1964ರಲ್ಲಿ ನೆಹರೂ ಪಾರ್ಥಿವ ಶರೀರದ ಬಳಿ ನಿಂತಿದ್ದ ಭಿಕ್ಷುವೇ ಅವರೆಂದು ಕೆಲವರು. 1985ರಲ್ಲಿ ಫೈಜಾಬಾದಿನಲ್ಲಿ ತೀರಿಕೊಂಡ ಗುಮ್‌ನಾಮಿ ಬಾಬಾ ಅವರೆಂದು ಮತ್ತೆ ಕೆಲವರು. ಸೈಬೀರಿಯಾದಲ್ಲಿ ಸತ್ತವರು ಫೈಜಾಬಾದಿನಲ್ಲಿ ಬದುಕಿರಲಾರರು. ಆದರೂ ಈ ಕಥೆಗಳು ಪರಸ್ಪರ ಜಗಳವಾಡಲಿಲ್ಲ; ಒಂದೇ ಮನಸ್ಸಿನಲ್ಲಿ ಅಕ್ಕಪಕ್ಕದಲ್ಲಿ ವಾಸಿಸಿದವು. ಅವುಗಳನ್ನು ಬೆಸೆದದ್ದು ‘ಅಧಿಕೃತ ಮಾತು ಸುಳ್ಳು’ ಎಂಬ ಒಂದೇ ನಿಶ್ಚಯ. ಅಪಘಾತವನ್ನು ಒಪ್ಪದ ಮುಖರ್ಜಿ ಆಯೋಗವೇ ಫೈಜಾಬಾದಿನ ಬಾಬಾ ನೇತಾಜಿ ಎನ್ನಲು ನಿರ್ಣಾಯಕ ಸಾಕ್ಷ್ಯವಿಲ್ಲ ಎಂದಿತು. ಉತ್ತರ ಪ್ರದೇಶ ಸರ್ಕಾರ ನೇಮಿಸಿದ ಸಹಾಯ್ ಆಯೋಗವೂ ಬಾಬಾ ನೇತಾಜಿಯಲ್ಲವೆಂದಿತು. ಕಥೆ ಮಾತ್ರ ನಿಲ್ಲಲಿಲ್ಲ. ಒಂದೊಂದು ಉತ್ತರ ಬಂದಾಗಲೂ ಸುಳ್ಳುಗಾರರ ಪಟ್ಟಿ ಮಾತ್ರ ಉದ್ದವಾಯಿತು: ಮೊದಲು ಜಪಾನೀಯರು, ಆಮೇಲೆ ನೆಹರೂ, ಆಮೇಲೆ ಆಯೋಗಗಳು, ಕೊನೆಗೆ ಬಂದ ಎಲ್ಲ ಪಕ್ಷಗಳ ಸರ್ಕಾರಗಳು. ಉತ್ತರ ಬಂದಷ್ಟೂ ಅಪರಾಧಿಗಳ ಸಂಖ್ಯೆ ಹೆಚ್ಚಿಸುತ್ತ ಹೋಗುವ ಪ್ರಶ್ನೆ ಪ್ರಶ್ನೆಯಾಗಿ ಉಳಿದಿಲ್ಲವೆಂದೇ ಅರ್ಥ.

ಇದೇ ವಿಷಯದಲ್ಲಿ ನೇತಾಜಿಯ ಮಗಳು ಅನಿತಾ ಬೋಸ್ ಫಾಫ್ ಅವರ ನಿಲುವನ್ನು ನೋಡಬೇಕು. ಅವರು ಅಪಘಾತವನ್ನು ನಂಬುತ್ತಾರೆ. ಹಾಗಿದ್ದೂ ರೆಂಕೋಜಿಯ ಅಸ್ಥಿಗೆ ಡಿಎನ್‌ಎ ಪರೀಕ್ಷೆ ನಡೆಯಲಿ ಎನ್ನುತ್ತಾರೆ. ತನ್ನ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಈ ಒಂದು ಬೇಡಿಕೆ ಎಪ್ಪತ್ತು ವರ್ಷಗಳ ಕಥೆಗಳಿಗಿಂತ ಹೆಚ್ಚು ಪ್ರಾಮಾಣಿಕವಾದದ್ದು.

ಆದರೆ ದೋಷವನ್ನೆಲ್ಲ ಜನರ ಮೇಲೆ ಹೊರಿಸುವುದು ಅನ್ಯಾಯ. ನೇತಾಜಿಯ ಕಡತಗಳನ್ನು ದೇಶ ದಶಕಗಳ ಕಾಲ ಬೀಗದೊಳಗೆ ಇಟ್ಟಿತು. ಪಶ್ಚಿಮ ಬಂಗಾಳ 2015ರ ಸೆಪ್ಟೆಂಬರಿನಲ್ಲಿ 64 ಕಡತಗಳನ್ನು, ಕೇಂದ್ರ ಸರ್ಕಾರ 2016ರ ಜನವರಿ 23ರಂದು 100 ಕಡತಗಳನ್ನು ಬಿಡುಗಡೆ ಮಾಡುವಷ್ಟರಲ್ಲಿ ಎರಡು ತಲೆಮಾರು ಕಳೆದಿದ್ದವು. ಸ್ವಾತಂತ್ರ್ಯಾನಂತರ ಸುಮಾರು 20 ವರ್ಷ ಬೋಸ್ ಕುಟುಂಬದ ಮೇಲೆ ಗುಪ್ತಚರ ಇಲಾಖೆ ಕಣ್ಣಿಟ್ಟಿತ್ತೆಂಬ ಸಂಗತಿಯೂ 2015ರಲ್ಲಿಯೇ ಹೊರಬಿತ್ತು. ಕಣ್ಗಾವಲು ನಿಜವಾಗಿತ್ತು, ಅದರಿಂದ ನೇತಾಜಿ ಬದುಕಿದ್ದರೆಂದು ಸಿದ್ಧವಾಗುವುದಿಲ್ಲ. ಆದರೆ ಮುಚ್ಚಿಟ್ಟವರ ಬಗ್ಗೆ ನಂಬಿಕೆ ಮೂಡದಿದ್ದರೆ ಅದಕ್ಕೆ ಮುಚ್ಚಿಟ್ಟವರೇ ಹೊಣೆ. ಸಂಶಯಿಯು ಮೋಟುಮರದ ಹತ್ತಿರ ಹೋಗಲು ಬಯಸಿದಾಗ ದಾರಿಗೆ ಬೇಲಿ ಹಾಕಿದರೆ, ಅವನು ನಿಂತಲ್ಲಿಯೇ ನಿಂತು ತನಗೆ ತೋಚಿದ್ದನ್ನು ನಿಶ್ಚಯಿಸಿಕೊಳ್ಳುತ್ತಾನೆ. 2005ರ ಮಾಹಿತಿ ಹಕ್ಕು ಕಾಯ್ದೆ ಆ ಬೇಲಿಯಲ್ಲಿ ತೆರೆದ ಬಾಗಿಲು. ಅದನ್ನು ಕಿರಿದುಗೊಳಿಸುವ ಪ್ರತಿಯೊಂದು ಕ್ರಮವೂ ಷಡ್ಯಂತ್ರದ ಕಥೆಗಳಿಗೆ ನೀರೆರೆಯುವ ಕ್ರಮವೇ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ‘ಷಡ್ಯಂತ್ರ’ ಎಂಬ ಮಾತನ್ನು ಅತಿ ಹೆಚ್ಚು ಬಳಸುವವರು ಜನಸಾಮಾನ್ಯರಲ್ಲ, ಅಧಿಕಾರದಲ್ಲಿರುವವರು. ಉತ್ತರ ಕೊಡಲು ಇಷ್ಟವಿಲ್ಲದ ಪ್ರಶ್ನೆಗೆ ‘ಇದರ ಹಿಂದೆ ಯಾರೋ ಇದ್ದಾರೆ’ ಎಂಬುದು ಸಿದ್ಧ ಉತ್ತರ. ಪ್ರಶ್ನೆಯನ್ನು ಬಿಟ್ಟು ಕೇಳಿದವನ ಉದ್ದೇಶವನ್ನು ಹುಡುಕುವ ಈ ಅಭ್ಯಾಸವೂ ಒಂದು ಷಡ್ಯಂತ್ರ ಸಿದ್ಧಾಂತವೇ. ಗದ್ದುಗೆಯ ಮೇಲೆ ಕುಳಿತಿರುವುದರಿಂದ ಅದಕ್ಕೆ ಆ ಹೆಸರು ಅಂಟುವುದಿಲ್ಲ, ಅಷ್ಟೆ.

ಈ ರೋಗ ದೆಹಲಿಯ ಅಧಿಕಾರ ಕೇಂದ್ರಗಳಿಗಷ್ಟೇ ಸೀಮಿತವೆಂದು ಸಮಾಜಬಾಂಧವರು ಸಮಾಧಾನ ಪಡಬೇಕಿಲ್ಲ. ಬಸದಿಯ ಜೀರ್ಣೋದ್ಧಾರಕ್ಕೆ ಸಂಗ್ರಹವಾದ ದೇಣಿಗೆಯ ಲೆಕ್ಕ ಕೇಳಿದ ಯುವಕನಿಗೆ ‘ಧರ್ಮದ ವಿರುದ್ಧ ಪಿತೂರಿ’ ಎಂಬ ಉತ್ತರ ಸಿಗುವ ಸಭೆಗಳು ನಮ್ಮ ನಡುವೆಯೂ ಇವೆ. ಅದೇ ಸಭೆಯ ಹೊರಗೆ, ಒಂದೂ ಲೆಕ್ಕಪತ್ರವನ್ನು ನೋಡದೆ ‘ಟ್ರಸ್ಟಿಗಳೆಲ್ಲ ಸೇರಿ ಬಸದಿಯನ್ನೇ ಮಾರಲು ಹೊರಟಿದ್ದಾರೆ’ ಎಂದು ಪಿಸುಗುಟ್ಟುವವರೂ ಇದ್ದಾರೆ. ಈ ಇಬ್ಬರೂ ಒಬ್ಬರಿಗೊಬ್ಬರು ಆಧಾರ. ಲೆಕ್ಕ ಕೊಡದ ಟ್ರಸ್ಟಿ ಪಿಸುಮಾತನ್ನು ಸಾಕುತ್ತಾನೆ. ಪಿಸುಮಾತಿನವನು ಲೆಕ್ಕ ಕೊಡದಿರಲು ಟ್ರಸ್ಟಿಗೆ ನೆಪ ಒದಗಿಸುತ್ತಾನೆ. ಇವರ ನಡುವೆ ಸಿಕ್ಕಿ ನಲುಗುವವನು ಒಂದು ವರ್ಷದ, ಒಂದು ಖಾತೆಯ, ಒಂದು ಮೊತ್ತದ ವಿವರ ಕೇಳಿದ ಆ ಯುವಕ.

ಮುಂಬಯಿ, ಪುಣೆಗಳಲ್ಲಿ ನೆಲೆಸಿದವರಿಗೆ ದಾರಿ ಸ್ಪಷ್ಟವಾಗಿದೆ. ಮಹಾರಾಷ್ಟ್ರದ 1950ರ ಸಾರ್ವಜನಿಕ ನ್ಯಾಸ ಕಾಯ್ದೆಯಡಿ ನೋಂದಾಯಿತ ಟ್ರಸ್ಟುಗಳು ಲೆಕ್ಕಪತ್ರಗಳನ್ನು ಇಡಬೇಕು, ಲೆಕ್ಕಪರಿಶೋಧನೆ ಮಾಡಿಸಬೇಕು, ಚಾರಿಟಿ ಕಮಿಷನರ್ ಕಚೇರಿಗೆ ವರದಿ ಸಲ್ಲಿಸಬೇಕು. ಖಾಲ್ರಾ ಅವರಿಗೆ ಸ್ಮಶಾನದ ಕಟ್ಟಿಗೆ ಲೆಕ್ಕ ಹೇಗೋ, ಸಮಾಜ ಸುಧಾರಣೆ ಬಯಸುವ ಶ್ರಾವಕನಿಗೆ ಆ ವರದಿ ಹಾಗೆ. ಅದರಲ್ಲಿ ಲೋಪವಿದ್ದರೆ ಅದನ್ನು ಪುಟ, ಸಾಲು ಸಮೇತ ಹೇಳಬೇಕು. ಲೋಪವಿಲ್ಲದಿದ್ದರೆ ‘ಲೆಕ್ಕ ಸರಿಯಾಗಿದೆ’ ಎಂದು ಅದೇ ಸಭೆಯಲ್ಲಿ ಎದ್ದು ನಿಂತು ಹೇಳಬೇಕು. ಎರಡನೆಯದನ್ನು ಹೇಳುವ ಸಿದ್ಧತೆ ಇಲ್ಲದವನು ಮೊದಲನೆಯದನ್ನು ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾನೆ.

ಪ್ರಶ್ನೆಯೇ ಸಲ್ಲದು ಎನ್ನುವವರು ನಿಶ್ಶಂಕಿತ ಅಂಗವನ್ನು ಮುಂದಿಡುವುದುಂಟು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದು ಮೊದಲನೆಯದು, ನಿಜ. ಆದರೆ ಶಂಕೆ ಇರಬಾರದೆಂದು ಹೇಳಿರುವುದು ಜಿನೋಕ್ತ ತತ್ತ್ವಗಳ ವಿಷಯದಲ್ಲಿ. ಟ್ರಸ್ಟಿನ ಜಮಾಖರ್ಚಿನ ವಿಷಯದಲ್ಲಲ್ಲ, ಸಚಿವಾಲಯದ ಪ್ರಕಟಣೆಯ ವಿಷಯದಲ್ಲೂ ಅಲ್ಲ. ಅದೇ ಅಂಗಗಳ ಸಾಲಿನಲ್ಲಿ ಅಮೂಢದೃಷ್ಟಿಯೂ ಇದೆ. ಕಂಡದ್ದನ್ನೆಲ್ಲ, ಕೇಳಿದ್ದನ್ನೆಲ್ಲ ಒಪ್ಪಿಕೊಳ್ಳದ ಎಚ್ಚರ ಶ್ರಾವಕಧರ್ಮದ ಒಳಗಿನದೇ.

ಅನೇಕಾಂತವಾದವನ್ನು ಗುರಾಣಿ ಮಾಡಿಕೊಳ್ಳುವವರು ಇನ್ನೊಂದು ಕಡೆ. ‘ಸತ್ಯಕ್ಕೆ ಹಲವು ಮುಖಗಳು, ಚಿಪ್ ಇದೆ ಎಂಬುದೂ ಒಂದು ಮುಖವಿರಬಹುದು’ ಎಂಬುದು ಅವರ ವಾದ. ಸ್ಯಾದ್ವಾದದ ‘ಸ್ಯಾತ್’ ಎಂಬ ಮಾತಿಗೆ ‘ಏನಾದರೂ ಇರಬಹುದು’ ಎಂದು ಅರ್ಥವಲ್ಲ. ‘ನಿರ್ದಿಷ್ಟವಾದ ಒಂದು ಅಪೇಕ್ಷೆಯಿಂದ’ ಎಂದು ಅರ್ಥ. ಎಳಗರುವಿನ ಸೀರಮ್ ಇದೆಯೇ ಎಂಬ ಪ್ರಶ್ನೆಗೆ, ಕೋಶಗಳ ಪೋಷಣೆಯ ದೃಷ್ಟಿಯಿಂದ ಇದೆ, ಅಂತಿಮ ಲಸಿಕೆಯ ದೃಷ್ಟಿಯಿಂದ ಇಲ್ಲ ಎಂದು ಉತ್ತರಿಸುವುದು ಅನೇಕಾಂತ. ಎರಡೂ ಮಾತು ಖಚಿತ, ಎರಡಕ್ಕೂ ಮೇರೆಯುಂಟು. ಯಾವ ದೃಷ್ಟಿಯಿಂದ ಎಂದು ಹೇಳಲಾಗದ ‘ಇರಬಹುದು’ ಅನೇಕಾಂತವಲ್ಲ, ಬರಿಯ ಆಲಸ್ಯ.

ಕೊನೆಗೆ ಉಳಿಯುವುದು ಮೂರನೆಯ ದೋಷವಾದ ಅನಧ್ಯವಸಾಯ. ಷಡ್ಯಂತ್ರದ ಕಥೆಯನ್ನು ದೃಢವಾಗಿ ನಂಬುವವರು ಯಾವ ಸಮಾಜದಲ್ಲೂ ಕೆಲವರೇ. ಅದನ್ನು ಊರಿಂದೂರಿಗೆ ಮುಟ್ಟಿಸುವವರು ನಂಬಿದವರಲ್ಲ. ‘ಬಂದದ್ದನ್ನು ಕಳಿಸಿದೆ, ನಿಜವೋ ಸುಳ್ಳೋ ಯಾರಿಗೆ ಗೊತ್ತು’ ಎನ್ನುವ ಸಾತ್ತ್ವಿಕರು. ಬೆಳಗಾವಿಯ ಅಜ್ಜಿಯಿಂದ ಪುಣೆಯ ಮಗನಿಗೆ, ಅವನಿಂದ ಚೆನ್ನೈಯ ಭಾವನಿಗೆ, ಅಲ್ಲಿಂದ ದೆಹಲಿಯ ಗೆಳೆಯರ ಗುಂಪಿಗೆ ಸಂದೇಶ ಸಾಗುವಾಗ ಯಾರಿಗೂ ದ್ವೇಷವಿರುವುದಿಲ್ಲ, ಯಾರೂ ನಿಂತು ನೋಡುವುದೂ ಇಲ್ಲ. 2021ರಲ್ಲಿ ಹಾಗೆ ಸಾಗಿದ ಮಾತುಗಳನ್ನು ಕೇಳಿ ಲಸಿಕೆಯನ್ನು ಮುಂದೂಡಿದ ಹಿರಿಯರು ಎಲ್ಲ ಸಮುದಾಯಗಳಲ್ಲೂ ಇದ್ದರು. ಅವರಿಗೆ ಅಪಾಯ ತಂದದ್ದು ಒಬ್ಬ ಸಂಚುಗಾರನಲ್ಲ, ನಿಲ್ಲದೆ ನಡೆದುಹೋದ ನೂರಾರು ಕಾಲುಗಳು.

ನೆಲ ನೋಡಿ ನಡೆಯಬೇಕೆಂಬ ಈರ್ಯಾಸಮಿತಿ, ಅಳೆದು ಮಾತಾಡಬೇಕೆಂಬ ಭಾಷಾಸಮಿತಿ ಮುನಿಗಳಿಗೆ ವಿಧಿಸಿದ ನಿಯಮಗಳು. ಗೃಹಸ್ಥರು ಅವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಲಾರರು. ಆದರೆ ಸಂದೇಶವೊಂದನ್ನು ಮುಂದಕ್ಕೆ ಕಳಿಸುವ ಮುನ್ನ ‘ಏನನ್ನು ಕಂಡರೆ ಇದು ಸುಳ್ಳೆಂದು ಒಪ್ಪುತ್ತೇನೆ?’ ಎಂದು ಒಮ್ಮೆ ಕೇಳಿಕೊಳ್ಳುವುದು ಗೃಹಸ್ಥರಿಗೂ ಸಾಧ್ಯ. ಆ ಪ್ರಶ್ನೆಗೆ ಉತ್ತರವಿದ್ದರೆ ಅದನ್ನು ಹಿಡಿದು ಸಚಿವಾಲಯವನ್ನೂ ಕೇಳಲಿ, ಟ್ರಸ್ಟನ್ನೂ ಕೇಳಲಿ, ಉತ್ತರ ಸಿಗುವವರೆಗೂ ಬಿಡದೆ ಕೇಳಲಿ. ಉತ್ತರವಿಲ್ಲದಿದ್ದರೆ ಆ ಸಂದೇಶ ಅಲ್ಲಿಯೇ ನಿಲ್ಲಲಿ.